ಹೋಮೋಸಿಸ್ಟೀನ್ ಅಂಟಿಕೊಂಡ ಮೇಲೆ

ಹೋಮೋಸಿಸ್ಟೀನ್ ಪರೀಕ್ಷೆಗೆ ತೆಗೆದ ರಕ್ತ ಐಸಿನಲ್ಲಿ ಬರಬೇಕು, ಗಂಟೆಯೊಳಗೆ ಸೆಂಟ್ರಿಫ್ಯೂಜಿಗೆ ಹೋಗಬೇಕು. ಮೈಯಿಂದ ಹೊರಬಂದ ಮೇಲೂ ಕೆಂಪು ರಕ್ತಕಣಗಳು ಸುಮ್ಮನಿರುವುದಿಲ್ಲ. ಹೋಮೋಸಿಸ್ಟೀನನ್ನು ಹೊರಬಿಡುತ್ತಲೇ ಇರುತ್ತವೆ, ಗಂಟೆಗೆ ಹತ್ತಿರ ಹತ್ತಿರ ಶೇಕಡ 10ರಷ್ಟು. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಊರು ಸುತ್ತಿ ಬಂದ ಟ್ಯೂಬನ್ನು ನಮ್ಮ ಲ್ಯಾಬಿನಲ್ಲಿ ನಾನು ಮುಟ್ಟುವುದಿಲ್ಲ. ಅದರಲ್ಲಿ ಸಿಗುವ ಅಂಕಿಯಲ್ಲಿ ರೋಗಿಯದೆಷ್ಟು, ಬಿಸಿಲಿನದೆಷ್ಟು ಎಂದು ಹೇಳುವವರಾರು? ‘ಫುಲ್ ಬಾಡಿ ಚೆಕಪ್’ ಪ್ಯಾಕೇಜುಗಳಿಗೆ ಈ ಪರೀಕ್ಷೆಯೂ ಸೇರಿಕೊಂಡ ಮೇಲೆ, ಲೀಟರಿಗೆ 15 ಮೈಕ್ರೋಮೋಲ್‌ನ ಮಿತಿ ದಾಟಿದ ರಿಪೋರ್ಟು ಹಿಡಿದು ಗಾಬರಿಯಲ್ಲಿ ಬರುವವರು ಹೆಚ್ಚಾಗಿದ್ದಾರೆ.

ಹಾಲು, ಮೊಟ್ಟೆ, ಮೀನು, ಎಳ್ಳು ಎಲ್ಲದರಲ್ಲೂ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಇದೆ. ದೇಹ ಅದರಿಂದ ಒಂದು ಮೀಥೈಲ್ ಗುಂಪನ್ನು ಕಿತ್ತು ಬಳಸಿಕೊಂಡ ಮೇಲೆ ಉಳಿಯುವುದೇ ಹೋಮೋಸಿಸ್ಟೀನ್. ಬಿ12 ಮತ್ತು ಫೋಲೇಟ್ ಇದ್ದರೆ ಅದು ಮತ್ತೆ ಮೆಥಿಯೋನಿನ್ ಆಗುತ್ತದೆ. ಬಿ6 ನೆರವಿನಿಂದ ಸಿಸ್ಟೀನ್ ಆಗುವ ಇನ್ನೊಂದು ದಾರಿಯೂ ಇದೆ. ದಾರಿ ಕಟ್ಟಿತೋ, ರಕ್ತದಲ್ಲಿ ಉಳಿದುಬಿಡುತ್ತದೆ.

ಇದಕ್ಕೂ ರಕ್ತನಾಳಕ್ಕೂ ಗಂಟುಹಾಕಿದವರು ಅಮೆರಿಕದ ಪೆಥಾಲಜಿಸ್ಟ್ ಕಿಲ್ಮರ್ ಮೆಕಲಿ. 1933ರಲ್ಲಿ ಎಂಟು ವರ್ಷದ ಹುಡುಗನೊಬ್ಬ ಪಾರ್ಶ್ವವಾಯು ಬಡಿದು ಸತ್ತಿದ್ದ. ಅವನ ರಕ್ತನಾಳಗಳು ಮುದುಕರ ನಾಳಗಳಂತೆ ದಪ್ಪಗಟ್ಟಿದ್ದವು. ಎರಡು ತಿಂಗಳ ಇನ್ನೊಂದು ಕೂಸಿನ ರಕ್ತನಾಳಗಳಲ್ಲೂ ಅದೇ ಹಾನಿ. ಇಬ್ಬರಲ್ಲಿ ಕೆಟ್ಟಿದ್ದ ಕಿಣ್ವ ಬೇರೆ ಬೇರೆ. ಇಬ್ಬರಲ್ಲೂ ಏರಿದ್ದದ್ದು ಮಾತ್ರ ಹೋಮೋಸಿಸ್ಟೀನ್. 1969ರಲ್ಲಿ ಮೆಕಲಿ ಇದನ್ನು ಪ್ರಕಟಿಸಿದಾಗ ಎಲ್ಲರ ಕಣ್ಣೂ ಕೊಲೆಸ್ಟರಾಲ್ ಮೇಲಿತ್ತು. ಮುಂದೆ ಅವರು ಕೆಲಸವನ್ನೇ ಕಳೆದುಕೊಂಡರು.

ಹಾನಿ ಹೇಗಾಗುತ್ತದೆ ಎಂಬುದು ನನಗೆ ಇಡೀ ಬಯೋಕೆಮಿಸ್ಟ್ರಿಯಲ್ಲೇ ಸ್ವಾರಸ್ಯದ ಭಾಗ. ಪ್ರೋಟೀನ್ ಕಟ್ಟಲು ಮೆಥಿಯೋನಿನನ್ನು ಆರಿಸಿ ಕೊಡುವ ಒಂದು ಕಿಣ್ವವಿದೆ. ಹೋಮೋಸಿಸ್ಟೀನ್ ನೋಡಲು ಹೆಚ್ಚುಕಡಿಮೆ ಮೆಥಿಯೋನಿನ್ನಿನಂತೆಯೇ ಇರುವುದರಿಂದ ಕಿಣ್ವ ಮೋಸಹೋಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಮರುಕ್ಷಣ ಗುರುತು ಹಿಡಿದು ಹೊರದಬ್ಬುತ್ತದೆ. ಹೊರಬೀಳುವಾಗ ಅದು ಉಂಗುರದಂತೆ ಮಡಚಿಕೊಂಡು ಥಯೋಲ್ಯಾಕ್ಟೋನ್ ಆಗಿರುತ್ತದೆ. ತಪ್ಪು ತಿದ್ದಲು ಹೋಗಿಯೇ ಹುಟ್ಟುವ ಪದಾರ್ಥ ಇದು! ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಹಿಯೆರೊನಿಮ್ ಯಾಕುಬೊವ್ಸ್ಕಿ ದಶಕಗಳ ಕಾಲ ಇದರ ಬೆನ್ನುಹತ್ತಿದವರು. ಥಯೋಲ್ಯಾಕ್ಟೋನ್ ಕಂಡ ಕಂಡ ಪ್ರೋಟೀನಿನ ಲೈಸಿನ್‌ಗೆ ಹೋಗಿ ಅಂಟಿಕೊಳ್ಳುತ್ತದೆ.

ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್ ಅನ್ನೇ ನೋಡಿ. ಹೆಪ್ಪನ್ನು ಕರಗಿಸುವ ಪ್ಲಾಸ್ಮಿನ್ ಮುಖ್ಯವಾಗಿ ಲೈಸಿನ್ ಇರುವ ಜಾಗ ಹುಡುಕಿ ಕತ್ತರಿಸುತ್ತದೆ. ಲೈಸಿನ್‌ಗೆ ಹೋಮೋಸಿಸ್ಟೀನ್ ಅಂಟಿದ್ದರೆ ಕತ್ತರಿಗೆ ಹಿಡಿತ ಸಿಗದು, ಹೆಪ್ಪು ಬೇಗ ಕರಗದು. ಕೊಲ್ಲಾಜೆನ್, ಎಲಾಸ್ಟಿನ್ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಕಿಣ್ವಕ್ಕೂ ಇದರಿಂದ ಅಡ್ಡಿ. ಹುಟ್ಟಿನಿಂದಲೇ ಹೋಮೋಸಿಸ್ಟೀನ್ 100 ದಾಟಿರುವ ಮಕ್ಕಳಲ್ಲಿ ಕಣ್ಣಿನ ಮಸೂರ ಜಾರುವುದು, ಮೂಳೆ ಟೊಳ್ಳಾಗುವುದು, ಎಳೆಯ ವಯಸ್ಸಿಗೇ ಹೆಪ್ಪುಗಟ್ಟುವುದು ಕಾಣುತ್ತದೆ. ‘ಒಳ್ಳೆಯ ಕೊಲೆಸ್ಟರಾಲ್’ ಎನ್ನುವ ಎಚ್‌ಡಿಎಲ್ ಜೊತೆ ಓಡಾಡುವ ಪ್ಯಾರಾಕ್ಸೋನೇಸ್ ಎಂಬ ಕಿಣ್ವ ಥಯೋಲ್ಯಾಕ್ಟೋನನ್ನು ಒಡೆಯುತ್ತದೆ, ಅಷ್ಟರಮಟ್ಟಿಗೆ ನಮಗೆ ಕಾವಲುಂಟು.

ಹಾಗಾದರೆ ವಿಟಮಿನ್ ಮಾತ್ರೆ ನುಂಗಿ ಅಂಕಿ ಇಳಿಸಿದರಾಯಿತಲ್ಲ? 2006ರಲ್ಲಿ ಪ್ರಕಟವಾದ ಹೋಪ್-2, ನಾರ್ವಿಟ್ ಅಧ್ಯಯನಗಳಲ್ಲಿ ಹೃದ್ರೋಗಿಗಳಿಗೆ ಹಾಗೆಯೇ ಕೊಟ್ಟು ನೋಡಿದರು. ಅಂಕಿ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. ಆದರೆ 2015ರಲ್ಲಿ ಪ್ರಕಟವಾದ, 20,000ಕ್ಕೂ ಹೆಚ್ಚು ಬಿಪಿ ರೋಗಿಗಳಿದ್ದ ಚೀನಾದ ಅಧ್ಯಯನದಲ್ಲಿ ಬರೀ ಬಿಪಿ ಮಾತ್ರೆ ನುಂಗಿದವರಲ್ಲಿ ಶೇಕಡ 3.4 ಮಂದಿಗೆ ಪಾರ್ಶ್ವವಾಯು ಬಡಿದರೆ, ಜೊತೆಗೆ ಫೋಲಿಕ್ ಆಮ್ಲವನ್ನೂ ನುಂಗಿದವರಲ್ಲಿ ಶೇಕಡ 2.7 ಮಂದಿಗಷ್ಟೇ ಬಡಿದಿತ್ತು. ನನ್ನ ಲೆಕ್ಕ ಇಷ್ಟು: ಅಂಟಿ ಕೆಟ್ಟುಹೋದ ಪ್ರೋಟೀನನ್ನು, ಆಗಲೇ ದಪ್ಪಗಟ್ಟಿದ ರಕ್ತನಾಳವನ್ನು ಮಾತ್ರೆ ತೊಳೆದು ಕೊಡುವುದಿಲ್ಲ, ವಿಟಮಿನ್ ನಿಜವಾಗಿ ಕೊರತೆಯಾಗಿರುವವರಲ್ಲಿ, ಹಾನಿಗೆ ಮುಂಚೆ, ಅದಕ್ಕೆ ಕೆಲಸವಿದೆ.

ಆ ಕೊರತೆ ನಮ್ಮಲ್ಲಿ ಧಾರಾಳ. ಪುಣೆಯಲ್ಲಿ ಚಿತ್ತರಂಜನ್ ಯಾಜ್ಞಿಕ್ ತಂಡ 441 ಗಂಡಸರನ್ನು ಪರೀಕ್ಷಿಸಿದಾಗ ಶೇಕಡ 67 ಮಂದಿಗೆ ಬಿ12 ಕಡಿಮೆ, ಶೇಕಡ 58 ಮಂದಿಗೆ ಹೋಮೋಸಿಸ್ಟೀನ್ ಹೆಚ್ಚು.

ನಮ್ಮಲ್ಲಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರಿಗೆ 28 ಬಂದಿತ್ತು. “ಅಲ್ಲಮ್ಮಾ, ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವನಲ್ಲ, ನನಗ್ಯಾಕೆ ಇದು?” ಎಂದರು. ಮುಟ್ಟದಿದ್ದುದೂ ಒಂದು ಕಾರಣ ಸಾರ್ ಎಂದೆ. ಟೀಗೆ ಹಾಕುವ ಹಾಲು, ಅನ್ನಕ್ಕೆ ಬಿಟ್ಟುಕೊಳ್ಳುವ ನೀರುಮಜ್ಜಿಗೆಯಲ್ಲಿ ಬಿ12 ಸಾಕಾಗುವಷ್ಟು ಸಿಗುವುದಿಲ್ಲ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಬೇರೆ ನುಂಗುತ್ತಿದ್ದರು, ಅದೂ ಬಿ12 ಇಳಿಸುತ್ತದೆ. ಅದನ್ನು ನಿಲ್ಲಿಸಬೇಡಿ, ಬಿ12, ಥೈರಾಯ್ಡ್, ಕ್ರಿಯಾಟಿನಿನ್ ನೋಡಿಸಿ ಡಾಕ್ಟರಿಗೆ ತೋರಿಸಿ ಎಂದೆ. ಅಂಗಡಿಯಿಂದ ಬರೀ ಫೋಲಿಕ್ ಆಮ್ಲದ ಸ್ಟ್ರಿಪ್ ಕೊಂಡು ಆಗಲೇ ಜೇಬಿನಲ್ಲಿಟ್ಟುಕೊಂಡಿದ್ದರು. ಬಿ12 ಕಡಿಮೆ ಇರುವವರು ಅದೊಂದನ್ನೇ ನುಂಗಿದರೆ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ನರಗಳ ಹಾನಿ ಒಳಗೊಳಗೇ ನಡೆದಿರುತ್ತದೆ.