ಟೇಲೆಂಡಿಗೆ ನೀರು ಹೋದೀತೆ?

‘ನ್ಯಾನೊ ಕಣದಲ್ಲಿ ಔಷಧ ತುಂಬಿ ಬಿಟ್ಟರೆ ಅದು ನೇರ ಕ್ಯಾನ್ಸರ್ ಗೆಡ್ಡೆಗೇ ಹೋಗುತ್ತದಂತೆ, ಹೌದೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಇಂಥ ಸುದ್ದಿಗಳನ್ನು ನಾನೂ ಓದುತ್ತಿರುತ್ತೇನೆ. ಗೆಡ್ಡೆ ಕರಗಿದ್ದು ಇಲಿಯಲ್ಲಿ ಎಂಬ ಮಾತು ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿರುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಟೇಲೆಂಡ್ ರೈತರಿಗೆ ಗೆಡ್ಡೆಯ ಒಳಗಿನ ಕಥೆ ಬೇಗ ಅರ್ಥವಾದೀತು. ಕಾಲುವೆಯಲ್ಲಿ ನೀರು ಬಿಟ್ಟಿರುತ್ತಾರೆ, ಮೇಲ್ಭಾಗದ ಗದ್ದೆಗಳೇ ಅದನ್ನು ಕುಡಿದು ಮುಗಿಸುತ್ತವೆ, ಕೊನೆಯವರ ಹೊಲ ಬಿರುಕು ಬಿಡುತ್ತದೆ. ಗೆಡ್ಡೆಯಲ್ಲೂ ಹೀಗೇ. ರಕ್ತನಾಳದ ಪಕ್ಕದ ಕೋಶಗಳು ಆಮ್ಲಜನಕ ಹೀರಿಕೊಳ್ಳುತ್ತವೆ. ಸುಮಾರು 150 ಮೈಕ್ರಾನ್ ಆಚೆ, ಅಂದರೆ ಎರಡು ಕೂದಲಿನ ದಪ್ಪದಷ್ಟು ದೂರದಲ್ಲಿ, ಬರಗಾಲ. ಸಾಲದ್ದಕ್ಕೆ ಗೆಡ್ಡೆಯ ನಾಳಗಳು ಅಂಕುಡೊಂಕು, ಸೋರುವಂಥವು.

ಈ ಬರಗಾಲವನ್ನು ಮೊದಲು ಅಳೆದು ತೋರಿಸಿದವರು ಬ್ರಿಟನ್ನಿನ ಥಾಮ್ಲಿನ್ಸನ್ ಮತ್ತು ಗ್ರೇ, 1955ರಲ್ಲಿ. ಶ್ವಾಸಕೋಶದ ಕ್ಯಾನ್ಸರಿನ ತೆಳು ಪದರಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ, ಕೋಶಗಳ ಗುಂಪು ದಪ್ಪವಾದಲ್ಲೆಲ್ಲ ನಡುಭಾಗ ಸತ್ತಿತ್ತು. ಗ್ರೇ ಭೌತವಿಜ್ಞಾನಿ, ರೇಡಿಯೇಷನ್ನಿನ ಪ್ರಮಾಣವನ್ನು ಇಂದು ಅಳೆಯುವುದು ಅವರದೇ ಹೆಸರಿನ ‘ಗ್ರೇ’ ಮಾನದಲ್ಲಿ. ಸತ್ತ ಕೋಶಗಳಿಂದ ತೊಂದರೆಯಿಲ್ಲ. ಸಾಯದೆ, ಅರೆಹೊಟ್ಟೆಯಲ್ಲಿ ಬದುಕಿರುವವೇ ಹಟಮಾರಿಗಳು. ಅವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ರೇಡಿಯೇಷನ್ ಬೇಕು. ಕಿಮೊ ಔಷಧವೂ ಅಲ್ಲಿಯವರೆಗೆ ಸರಿಯಾಗಿ ತಲುಪದು.

ನ್ಯಾನೊ ಕಣದ ಆಸೆ ಹುಟ್ಟಿದ್ದು ಆ ಸೋರುವ ನಾಳಗಳಿಂದಲೇ. ದೊಡ್ಡ ಅಣುಗಳು ಗೆಡ್ಡೆಯೊಳಗೆ ಸೋರಿ ಅಲ್ಲೇ ನಿಲ್ಲುತ್ತವೆ ಎಂದು 1986ರಲ್ಲಿ ಜಪಾನಿನ ಮತ್ಸುಮುರ ಮತ್ತು ಮಯೆದ ತೋರಿಸಿದರು. 1995ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್‌ಗೆ ಒಪ್ಪಿಗೆ ಸಿಕ್ಕಿತು: ಸುಮಾರು 100 ನ್ಯಾನೊಮೀಟರಿನ ಕೊಬ್ಬಿನ ಗುಳ್ಳೆಯೊಳಗೆ ಡಾಕ್ಸೊರುಬಿಸಿನ್ ಎಂಬ ಹಳೆಯ ಕಿಮೊ ಔಷಧ. ಸ್ತನ ಕ್ಯಾನ್ಸರಿನಲ್ಲಿ ಹೋಲಿಸಿ ನೋಡಿದಾಗ ಅದು ಗೆಡ್ಡೆಯನ್ನು ಹಳೆಯ ಔಷಧಕ್ಕಿಂತ ಹೆಚ್ಚೇನೂ ಹಣಿಯಲಿಲ್ಲ. ಆದರೆ ಹಳೆಯದರ ಏಟಿನಿಂದ ಹೃದಯವನ್ನು ಉಳಿಸಿತು. ಅದೇನು ಸಣ್ಣ ಲಾಭವಲ್ಲ.

ಆಮೇಲೆ ಬಂತು ಲೆಕ್ಕ. ಟೊರಾಂಟೊದ ವಾರೆನ್ ಚಾನ್ ತಂಡ ಹತ್ತು ವರ್ಷಗಳ ಪ್ರಯೋಗಗಳನ್ನು ಜಾಲಾಡಿ 2016ರಲ್ಲಿ ಹೇಳಿತು: ಚುಚ್ಚಿದ ಕಣಗಳಲ್ಲಿ ಗೆಡ್ಡೆ ಸೇರುವುದು ನಡುಮಟ್ಟದಲ್ಲಿ ಶೇ 0.7. ಬಹುಪಾಲು ಲಿವರ್, ಗುಲ್ಮಗಳ ಪಾಲು. ಸೇರಿದ ಅಷ್ಟಿಷ್ಟೂ ನಾಳದ ಅಂಚಿನಲ್ಲೇ ಸಿಕ್ಕಿಕೊಳ್ಳುತ್ತವೆ.

ಗೆಡ್ಡೆಯ ಆಮ್ಲಜನಕದ ಬರಗಾಲಕ್ಕೆ ನನಗೆ ಇಷ್ಟವಾದ ಉಪಾಯವೊಂದಿದೆ. ಗೆಡ್ಡೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ತುಸು ಹೆಚ್ಚಿರುತ್ತದೆ. ಅದಕ್ಕೆ ಟಾರ್ಚ್ ಸೆಲ್ಲಿನ ಕಪ್ಪು ಪುಡಿಯಲ್ಲಿರುವ ಮ್ಯಾಂಗನೀಸ್ ಡೈಆಕ್ಸೈಡ್ ಸೇರಿದರೆ, ಹೈಸ್ಕೂಲ್ ಲ್ಯಾಬಿನಲ್ಲಿ ನೋಡಿದಂತೆ, ಆಮ್ಲಜನಕ ಹೊರಡುತ್ತದೆ. ಆ ಪುಡಿಯನ್ನೇ ನ್ಯಾನೊ ಕಣವಾಗಿಸಿ ಕಳಿಸುವುದು, ಅಂದರೆ ಟೇಲೆಂಡಿನಲ್ಲೇ ಬೋರ್‌ವೆಲ್ ಕೊರೆಯುವುದು! ಇಲಿಗಳಲ್ಲಿ ನಡೆದಿದೆ. ಆದರೆ ಕೊರೆಯುವ ಲಾರಿಯೂ ಅದೇ ಹಾಳು ರಸ್ತೆಯಲ್ಲೇ ಬರಬೇಕಲ್ಲ?

ಹಾಗಾಗಿ, ಕೇಳಿದವರಿಗೆ ಉತ್ತರ: ನೇರ ಹೋಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ರೇಡಿಯೇಷನ್ ನಡೆಯುತ್ತಿದ್ದರೆ, ನ್ಯಾನೊ ಬರಲಿ ಎಂದು ದಯವಿಟ್ಟು ನಿಲ್ಲಿಸಬೇಡಿ.