ಹಸಿವಿಗೊಂದು ಪಂಚಾಂಗ, ನೆರವಿಗೊಂದು ಪಂಚಾಂಗ

ಪ್ರತಿ ವರ್ಷ ಡಿಸೆಂಬರ್ ಮೊದಲ ದಿನಗಳಲ್ಲಿ ವಿಶ್ವಸಂಸ್ಥೆಯ ಮಾನವೀಯ ನೆರವು ವಿಭಾಗ ಒಂದು ದೊಡ್ಡ ಲೆಕ್ಕವನ್ನು ಜಗತ್ತಿನ ಮುಂದಿಡುತ್ತದೆ. ಬರುವ ವರ್ಷ ಯಾವ ದೇಶದಲ್ಲಿ ಎಷ್ಟು ಜನಕ್ಕೆ ಅನ್ನ, ಔಷಧ, ಸೂರು ಬೇಕಾದೀತು, ಅದಕ್ಕೆಲ್ಲ ಎಷ್ಟು ಹಣ ಹಿಡಿದೀತು ಎಂಬ ಲೆಕ್ಕ ಅದು. 2024ರ ಡಿಸೆಂಬರ್‌ನಲ್ಲಿ ಹಾಗೆ ಕೇಳಿದ್ದು 4,700 ಕೋಟಿ ಡಾಲರ್. ಅದು 19 ಕೋಟಿ ಜನರ ಹೆಸರಿನಲ್ಲಿ. ಆರು ತಿಂಗಳು ಕಳೆಯುವುದರೊಳಗೆ ಅದೇ ವಿಭಾಗ ಪಟ್ಟಿಯನ್ನು ಕತ್ತರಿಸಿ 11.4 ಕೋಟಿ ಜನಕ್ಕೆ, 2,900 ಕೋಟಿ ಡಾಲರಿಗೆ ಇಳಿಸಿತು. ಕೈಬಿಟ್ಟುಹೋದ ಏಳೂವರೆ ಕೋಟಿಗೂ ಹೆಚ್ಚು ಜನರ ಹೊಟ್ಟೆ ಆ ಆರು ತಿಂಗಳಲ್ಲಿ ತುಂಬಿರಲಿಲ್ಲ. ಕೊಡುವವರು ಕೈ ಹಿಂದೆಗೆದಿದ್ದರು, ಅಷ್ಟೆ. ವರ್ಷದ ಕೊನೆಗೆ ಕೈಸೇರಿದ್ದು ಸುಮಾರು 1,200 ಕೋಟಿ ಡಾಲರ್. 2025ರ ಡಿಸೆಂಬರ್‌ನ ಹೊಸ ಲೆಕ್ಕದಲ್ಲಿ ಕೇಳಿಕೆಯೇ 3,300 ಕೋಟಿಗೆ ಕುಗ್ಗಿತು. ಅದರೊಳಗೂ ಮೊದಲು ಉಳಿಸಬೇಕಾದವರೆಂದು 8.7 ಕೋಟಿ ಜನರನ್ನು ಬೇರೆಯಾಗಿ ಆರಿಸಲಾಯಿತು.

ಇದರ ಹಿಂದಿನ ಸುದ್ದಿಯನ್ನು ಓದುಗರು ಬಲ್ಲರು. 1961ರಲ್ಲಿ ಹುಟ್ಟಿದ ಅಮೆರಿಕದ ಯುಎಸ್‌ಏಡ್ ಸಂಸ್ಥೆಯ ಹಣವನ್ನು 2025ರ ಜನವರಿಯಲ್ಲಿ ತಡೆಹಿಡಿಯಲಾಯಿತು. ಮಾರ್ಚ್ ಹೊತ್ತಿಗೆ ಅದರ ಯೋಜನೆಗಳಲ್ಲಿ ಶೇ 83ರಷ್ಟು ರದ್ದಾದವು. ಜುಲೈ 1ಕ್ಕೆ ಸಂಸ್ಥೆಯೇ ವಿದೇಶಾಂಗ ಇಲಾಖೆಯೊಳಗೆ ಕರಗಿತು. ಬ್ರಿಟನ್ ತನ್ನ ರಾಷ್ಟ್ರೀಯ ಆದಾಯದಲ್ಲಿ ನೆರವಿಗೆ ಎತ್ತಿಡುವ ಪಾಲನ್ನು ಶೇ 0.5ರಿಂದ 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ ಸಾರಿತು. ಉಳಿದ ಹಣ ರಕ್ಷಣಾ ವೆಚ್ಚಕ್ಕೆ. ಶ್ರೀಮಂತ ದೇಶಗಳು ಶೇ 0.7 ಕೊಡಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ ಗೊತ್ತುಮಾಡಿದ್ದು 1970ರಲ್ಲಿ.

ಎಷ್ಟು ಹಣ ಎಂಬ ಈ ಚರ್ಚೆ ಪತ್ರಿಕೆಗಳಲ್ಲಿ ಸಾಕಷ್ಟು ನಡೆದಿದೆ. ಅಷ್ಟೇ ಜೀವಗಳು ಇನ್ನೊಂದು ಪ್ರಶ್ನೆಗೆ ತಗುಲಿಕೊಂಡಿವೆ. ಆ ಹಣ ಬರುವುದು ಯಾವ ತಿಂಗಳಲ್ಲಿ?

ನೆರವಿಗೆ ಅದರದೇ ಪಂಚಾಂಗವಿದೆ. ಡಿಸೆಂಬರ್‌ನಲ್ಲಿ ಮನವಿ. ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ವಿಶ್ವಬ್ಯಾಂಕ್ ಮತ್ತು ಐಎಂಎಫ್ ಸಭೆ. ಬೇಸಿಗೆಯಲ್ಲಿ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮಾನವೀಯ ಅಧಿವೇಶನ. ಆಗಸ್ಟ್ 19 ವಿಶ್ವ ಮಾನವೀಯ ದಿನ. 2003ರಲ್ಲಿ ಬಾಗ್ದಾದಿನ ಕೆನಾಲ್ ಹೋಟೆಲಿನಲ್ಲಿದ್ದ ವಿಶ್ವಸಂಸ್ಥೆ ಕಚೇರಿಗೆ ಬಾಂಬಿಟ್ಟಾಗ ಅದರ ಮುಖ್ಯಸ್ಥ ಸೆರ್ಜಿಯೊ ವಿಯೆರಾ ಡಿ ಮೆಲೊ ಸೇರಿ 22 ಜನ ಸತ್ತ ದಿನ. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಮಹಾಸಭೆ, ಅಕ್ಟೋಬರ್ 16 ವಿಶ್ವ ಆಹಾರ ದಿನ, ನವೆಂಬರ್‌ನಲ್ಲಿ ಹವಾಮಾನ ಶೃಂಗಸಭೆ (2026ರದು ಟರ್ಕಿಯ ಅಂತಾಲ್ಯದಲ್ಲಿ), ಮತ್ತೆ ಡಿಸೆಂಬರ್. ನಡುನಡುವೆ ಆಯಾ ದೇಶದ ಹೆಸರಿನಲ್ಲಿ ದಾನಿಗಳ ಸಮಾವೇಶ. ಅಲ್ಲಿ ಘೋಷಣೆಯಾದ ಹಣ ಸಂಸತ್ತುಗಳ ಒಪ್ಪಿಗೆ ಪಡೆದು, ಒಪ್ಪಂದವಾಗಿ, ಟೆಂಡರ್ ಮುಗಿದು, ಹಡಗು ಹತ್ತಿ ಊರು ಮುಟ್ಟಲು ತಿಂಗಳುಗಳೇ ಬೇಕು.

ಹಸಿವಿನ ಪಂಚಾಂಗ ಬೇರೆ. ಸಹಾರಾದ ಕೆಳಗಿನ ನೈಜರ್, ಚಾಡ್, ಮಾಲಿಯಂಥ ದೇಶಗಳಲ್ಲಿ ಕಳೆದ ವರ್ಷದ ಸಜ್ಜೆ ಜೂನ್ ಹೊತ್ತಿಗೆ ಮನೆಯಲ್ಲಿ ಮುಗಿಯುತ್ತದೆ. ಹೊಸ ಸಜ್ಜೆ ಕೊಯ್ಲಿಗೆ ಬರುವುದು ಸೆಪ್ಟೆಂಬರ್ ಕಳೆಯುವಾಗ. ಆ ಮೂರು ತಿಂಗಳು ಹೊಲದಲ್ಲಿ ಕಳೆ ಕೀಳುವ ಕೆಲಸ ಹೆಚ್ಚು, ಮಳೆ ಹೆಚ್ಚು, ಮಲೇರಿಯಾ ಹೆಚ್ಚು, ಊಟ ಮಾತ್ರ ಕಡಿಮೆ. ಆಫ್ಘಾನಿಸ್ತಾನದ ಘೋರ್, ಬದಖ್ಶಾನ್ ಕಣಿವೆಗಳಿಗೆ ನವೆಂಬರ್ ಒಳಗೆ ಗೋಧಿ ತಲುಪದಿದ್ದರೆ ಹಿಮ ದಾರಿ ಮುಚ್ಚುತ್ತದೆ, ಆಮೇಲೆ ವಸಂತದವರೆಗೆ ಕಾಯಬೇಕು. ಮಲಾವಿ, ಜಾಂಬಿಯಾ ಕಡೆ ಕಷ್ಟದ ತಿಂಗಳು ಜನವರಿಯಿಂದ ಮಾರ್ಚ್. ಇವು ಯಾವುವೂ ಗುಟ್ಟಿನ ಸಂಗತಿಗಳಲ್ಲ. ಆ ಊರುಗಳ ಯಾವ ತಾಯಿಯನ್ನು ಕೇಳಿದರೂ ಹೇಳಿಯಾಳು.

ಎರಡು ಪಂಚಾಂಗ ಕೂಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಸೊಮಾಲಿಯಾದ 2011ಕ್ಕಿಂತ ಕಠೋರ ಸಾಕ್ಷಿ ಬೇಡ. ಅಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಏಪ್ರಿಲ್‌ನಿಂದ ಜೂನ್‌ವರೆಗಿನದು ‘ಗು’, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದು ‘ದೇರ್’. ಪೆಸಿಫಿಕ್ ಸಾಗರದಲ್ಲಿ ಲಾ ನಿನಾ ತಲೆಯೆತ್ತುತ್ತಿದೆ, ದೇರ್ ಕೈಕೊಡಲಿದೆ ಎಂಬ ಎಚ್ಚರಿಕೆ 2010ರ ಆಗಸ್ಟ್‌ನಲ್ಲೇ ಹೊರಟಿತ್ತು. ಹಾಗೆಯೇ ಆಯಿತು. ಮರುವರ್ಷದ ಗು ಕೂಡ ಸರಿಯಾಗಿ ಬೀಳಲಿಲ್ಲ. ಸಂತೆಯಲ್ಲಿ ಒಂದು ಆಡು ಮಾರಿದರೆ ಎಷ್ಟು ಕಿಲೊ ಜೋಳ ಬಂದೀತು ಎಂಬುದು ಅಲ್ಲಿನ ವಿಶ್ಲೇಷಕರ ಮುಖ್ಯ ಅಳತೆ. ಆಡಿನ ಬೆಲೆ ಇಳಿಯುತ್ತ, ಜೋಳದ ಬೆಲೆ ಏರುತ್ತ ಹೋದದ್ದನ್ನು ಅವರು ತಿಂಗಳು ತಿಂಗಳೂ ಬರೆದು ಕಳಿಸಿದರು. ಬಡಪಾಯಿ ಕುಟುಂಬಗಳು ಉಳಿದ ಆಡುಗಳನ್ನೂ ಮಾರಿ, ಸಾಲ ಮಾಡಿ, ಕೊನೆಗೆ ಮಕ್ಕಳನ್ನು ಕಟ್ಟಿಕೊಂಡು ಮೊಗದಿಶುವಿನತ್ತ, ಗಡಿಯಾಚೆ ಕೆನ್ಯಾದ ದದಾಬ್ ಶಿಬಿರದತ್ತ ನಡೆದವು.

ಹಣ ಬರಲಿಲ್ಲ. ಕಾರಣಗಳು ಹಲವಿದ್ದವು. ದಕ್ಷಿಣದ ಹಳ್ಳಿಗಳು ಅಲ್ ಶಬಾಬ್ ಉಗ್ರರ ಹಿಡಿತದಲ್ಲಿದ್ದವು. ವಿಶ್ವ ಆಹಾರ ಕಾರ್ಯಕ್ರಮ 2010ರ ಆರಂಭದಲ್ಲೇ ಅಲ್ಲಿಂದ ಹೊರಬಿದ್ದಿತ್ತು. ನೆರವು ಉಗ್ರರ ಕೈಸೇರಿದರೆ ತಮ್ಮ ಮೇಲೆ ಕಾನೂನಿನ ಕತ್ತಿ ಬೀಳುತ್ತದೆಂದು ಸಂಸ್ಥೆಗಳು ಹೆದರಿದವು. ಇದೆಲ್ಲ ನಿಜವಾದರೂ, 2011ರ ಜುಲೈ 20ರಂದು ವಿಶ್ವಸಂಸ್ಥೆ ದಕ್ಷಿಣ ಬಾಕೂಲ್ ಮತ್ತು ಕೆಳ ಶಬೆಲ್ಲೆಯಲ್ಲಿ ಕ್ಷಾಮ ಎಂದು ಘೋಷಿಸಿದ ಮೇಲೆ ಅದೇ ದಾನಿಗಳಿಂದ ಹಣ ಹರಿದು ಬಂದದ್ದೂ ನಿಜ. ಅಲ್ ಶಬಾಬ್ ಆಗಲೂ ಅಲ್ಲೇ ಇತ್ತು. 2013ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ ಆ ಕ್ಷಾಮಕ್ಕೆ ಬಲಿಯಾದವರು ಸುಮಾರು 2,58,000 ಜನ. ಅವರಲ್ಲಿ 1,33,000 ಐದು ವರ್ಷದೊಳಗಿನ ಮಕ್ಕಳು. ಸತ್ತವರಲ್ಲಿ ಸುಮಾರು ಅರ್ಧದಷ್ಟು ಮಂದಿ ಜುಲೈ 20ಕ್ಕೆ ಮೊದಲೇ ಮಣ್ಣಾಗಿದ್ದರು.

ಕ್ಷಾಮ ಎಂದು ಸಾರಲು ಈಗ ಪಾಲಿಸುವ ಅಳತೆಯನ್ನು ನೋಡಿದರೆ ಇದರ ಕಾರಣ ತಿಳಿಯುತ್ತದೆ. ಐಪಿಸಿ ಎಂಬ ಐದು ಮೆಟ್ಟಿಲಿನ ಮಾಪಕವದು, 2004ರಲ್ಲಿ ಸೊಮಾಲಿಯಾಕ್ಕಾಗಿಯೇ ರೂಪುಗೊಂಡದ್ದು. ಐದನೆಯ ಮೆಟ್ಟಿಲು ಮುಟ್ಟಬೇಕಾದರೆ ನೂರರಲ್ಲಿ 20 ಮನೆಗಳಲ್ಲಿ ಊಟವೇ ಇಲ್ಲದಂತಾಗಿರಬೇಕು, ನೂರರಲ್ಲಿ 30 ಮಕ್ಕಳು ತೀವ್ರವಾಗಿ ಕೃಶರಾಗಿರಬೇಕು, ದಿನಕ್ಕೆ ಹತ್ತು ಸಾವಿರಕ್ಕೆ ಇಬ್ಬರಂತೆ ಸಾಯುತ್ತಿರಬೇಕು. ವಿಜ್ಞಾನಿಗಳಿಗೆ ಈ ಬಿಗಿ ಬೇಕು, ನಾನು ಅದನ್ನು ದೂರುವುದಿಲ್ಲ. ಆದರೆ ಈ ಅಳತೆ ತುಂಬುವ ಹೊತ್ತಿಗೆ ಗೋರಿಗಳು ಎದ್ದಿರುತ್ತವೆ. 2017ರಲ್ಲಿ ದಕ್ಷಿಣ ಸುಡಾನ್, 2024ರಲ್ಲಿ ಸುಡಾನಿನ ಝಮ್‌ಝಮ್ ಶಿಬಿರ, 2025ರ ಆಗಸ್ಟ್‌ನಲ್ಲಿ ಗಾಜಾ ನಗರದ ಪ್ರದೇಶ. ಪ್ರತಿ ಸಲವೂ ಘೋಷಣೆ ಸಾವಿನ ಹಿಂದೆಯೇ ಬಂದಿದೆ. ಯುದ್ಧವಿರುವ ಕಡೆ ದಾರಿ ಮುಚ್ಚಿದವರ ಹೊಣೆಯೇ ದೊಡ್ಡದು, ಅಲ್ಲಿ ಹಣವೊಂದರಿಂದ ಎಲ್ಲ ಆಗದು. ನೈಜರ್‌ನಂಥ ಕಡೆ ಈ ಸಬೂಬೂ ಇಲ್ಲ. ಅಲ್ಲಿಗೆ ನೆರವು ಬೇಕೆಂದು 2004ರ ನವೆಂಬರ್‌ನಿಂದ ಕೇಳಿದರೂ ದಾನಿಗಳು ತಿರುಗಿ ನೋಡಲಿಲ್ಲ. 2005ರ ಜುಲೈನಲ್ಲಿ ಒಣಗಿದ ಮಕ್ಕಳ ಚಿತ್ರ ಬಿಬಿಸಿಯಲ್ಲಿ ಬಂದ ಮೇಲೆ ನೋಡಿದರು. ಮೊದಲೇ ಕೊಟ್ಟಿದ್ದರೆ ಒಂದು ಮಗುವಿಗೆ ದಿನಕ್ಕೆ 1 ಡಾಲರ್ ಸಾಕಿತ್ತು, ಈಗ 80 ಡಾಲರ್ ಬೇಕು ಎಂದು ಅಂದಿನ ವಿಶ್ವಸಂಸ್ಥೆ ನೆರವು ಮುಖ್ಯಸ್ಥ ಯಾನ್ ಎಗೆಲಾಂಡ್ ಬೇಸರದಿಂದ ಹೇಳಿದ್ದರು.

ಈ ರೋಗ ನಮಗೆ ಪರಕೀಯವಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದಷ್ಟಕ್ಕೆ ಇಳಿದಿತ್ತು. ನಡುವೆ ನಡೆದದ್ದು ಧಾತು, ಈಶ್ವರ ಸಂವತ್ಸರಗಳ ಬರ, 1876ರಿಂದ 78ರವರೆಗಿನದು. ಆ ಹೆಣದ ರಾಶಿಯ ಮೇಲೆಯೇ ಬ್ರಿಟಿಷ್ ಸರ್ಕಾರ 1880ರಲ್ಲಿ ಆಯೋಗದ ವರದಿ ಪಡೆದು, 1883ರಲ್ಲಿ ಕ್ಷಾಮ ಸಂಹಿತೆ ಬರೆಸಿತು. ಧಾನ್ಯದ ಬೆಲೆ ಏರಿದರೆ, ಜನ ಗುಳೆ ಹೊರಟರೆ, ಸಣ್ಣ ಕಳವು ಹೆಚ್ಚಿದರೆ ಅಧಿಕಾರಿ ಅದನ್ನು ಗಮನಿಸಬೇಕು. ಪರೀಕ್ಷೆಗೆಂದು ಒಂದು ಕಾಮಗಾರಿ ತೆರೆಯಬೇಕು. ಅಲ್ಪ ಕೂಲಿಗೂ ಜನ ಮುಗಿಬಿದ್ದರೆ ಸಂಕಟ ನಿಜವೆಂದು ತಿಳಿದು ಪರಿಹಾರ ಕಾರ್ಯ ಆರಂಭಿಸಬೇಕು. ಜಿಪುಣತನದ ಸಂಹಿತೆ ಅದು, ಬಡವನನ್ನು ನಂಬದ ಸಂಹಿತೆ. ಆದರೂ ಸೂಚನೆ ಕಂಡಾಗಲೇ ಕೆಲಸ ಶುರುವಾಗಬೇಕು ಎಂಬ ನಿಯಮ ಅದರಲ್ಲಿತ್ತು. ಇಂದು ಜಿನೀವಾ, ರೋಮ್‌ಗಳಲ್ಲಿ ಹೊಸದೆಂಬಂತೆ ಮಾತಾಡುವ ಮುಂಚಿತ ಕ್ರಮದ ಹಳೆಯ ಬೇರು ಇಲ್ಲಿಯದು.

ನಮ್ಮಲ್ಲಿ ಅಳತೆಗೆ ಕೊರತೆಯಿಲ್ಲ. 1988ರಲ್ಲೇ ಬೆಂಗಳೂರಿನಲ್ಲಿ ಬರ ಗಮನಿಸಲೆಂದು ಒಂದು ಘಟಕ ಹುಟ್ಟಿತು. ಅದೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುವ ಯಂತ್ರಗಳಿವೆ. ಆದರೂ 2023ರ ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕು ಬರಪೀಡಿತವೆಂದು ಘೋಷಣೆಯಾಗಿ, ಮುಂದೆ ಆ ಸಂಖ್ಯೆ 223ಕ್ಕೆ ಏರಿ, ಪರಿಹಾರಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿ, ಕೇಂದ್ರದಿಂದ ಸುಮಾರು 3,454 ಕೋಟಿ ರೂಪಾಯಿ ಮಂಜೂರಾಗುವ ಹೊತ್ತಿಗೆ 2024ರ ಏಪ್ರಿಲ್ ಕೊನೆಯಾಗಿತ್ತು. ಯಾರದು ಸರಿ, ಯಾರದು ತಪ್ಪು ಎಂಬ ವಾದ ಹಾಗಿರಲಿ. ಮೇವಿಗೆ, ಬೀಜಕ್ಕೆ, ಸಾಲದ ಬಡ್ಡಿಗೆ ಆ ಎಂಟು ತಿಂಗಳು ಕಾಯುವ ಪದ್ಧತಿ ಇಲ್ಲ.

ಹಾಗಾದರೆ ಹೇಗೆ ಮಾಡಬಹುದು? ಪಕ್ಕದ ಬಾಂಗ್ಲಾದೇಶದಲ್ಲಿ 2020ರ ಜುಲೈನಲ್ಲಿ ಒಂದು ಪ್ರಯೋಗ ನಡೆಯಿತು. ಜಮುನಾ ನದಿ ಇಷ್ಟು ಮಟ್ಟ ಮೀರಲಿದೆ ಎಂದು ಮುನ್ಸೂಚನೆ ಬಂದರೆ ಇಷ್ಟು ಹಣ ತಾನಾಗಿಯೇ ಬಿಡುಗಡೆಯಾಗಬೇಕು ಎಂದು ವಿಶ್ವಸಂಸ್ಥೆಯ ತುರ್ತು ನಿಧಿ ಮೊದಲೇ ಬರೆದಿಟ್ಟಿತ್ತು. ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು ಎಂಬುದೂ ಗೊತ್ತಾಗಿತ್ತು. ಜುಲೈ 4ರಂದು ಆ ಗುರುತು ಮುಟ್ಟಿತು, 52 ಲಕ್ಷ ಡಾಲರ್ ಹೊರಟಿತು. ಪ್ರವಾಹ ಏರಿ ನಿಲ್ಲುವ ಮೊದಲೇ ನದೀ ತೀರದ ಸಾವಿರಾರು ಕುಟುಂಬಗಳ ಮೊಬೈಲ್ ಖಾತೆಗೆ ತಲಾ 4,500 ಟಾಕಾ ಜಮೆಯಾಯಿತು. ದನಕರುಗಳಿಗೆ ಮೇವು, ಬೀಜ ಮತ್ತು ಕಾಳು ತೇವವಾಗದಂತೆ ಇಡಲು ಮುಚ್ಚಳದ ಡ್ರಮ್ಮುಗಳು ಹಂಚಿಕೆಯಾದವು. ಬೇರೆ ಸಲ ಇಂಥ ನೆರವು ನೀರಿಳಿದು, ಸಮೀಕ್ಷೆ ಮುಗಿದ ಮೇಲೆ ಬರುತ್ತಿತ್ತು. ಹಣ ಪಡೆದವರನ್ನೂ ಪಡೆಯದವರನ್ನೂ ಆಮೇಲೆ ಹೋಲಿಸಿ ನೋಡಿದ ಆಕ್ಸ್‌ಫರ್ಡ್ ಸಂಶೋಧಕರಿಗೆ ಕಂಡದ್ದು: ನೆರೆಯ ದಿನಗಳಲ್ಲಿ ಇಡೀ ದಿನ ಉಪವಾಸ ಬೀಳುವ ಸಂಭವ ಹಣ ಪಡೆದ ಮನೆಗಳಲ್ಲಿ ಶೇ 36ರಷ್ಟು ಕಡಿಮೆ. 4,500 ಟಾಕಾ ಎಂದರೆ ಆಗಿನ ಲೆಕ್ಕದಲ್ಲಿ ಐವತ್ತು ಚಿಲ್ಲರೆ ಡಾಲರ್. ಇಷ್ಟು ಸಣ್ಣ ಮೊತ್ತ ದಿನ ತಪ್ಪದೆ ಬಂದದ್ದರಿಂದ ಇಷ್ಟು ಕೆಲಸ ಮಾಡಿತು.

ಕೆನ್ಯಾದ ತುರ್ಕಾನಾ, ಮರ್ಸಾಬಿಟ್, ವಾಜಿರ್, ಮಂಡೇರಾಗಳಲ್ಲೂ ಉಪಗ್ರಹ ಹುಲ್ಲುಗಾವಲಿನ ಹಸಿರನ್ನು ಅಳೆಯುತ್ತದೆ. ಹಸಿರು ಇಳಿದರೆ ಪಶುಪಾಲಕರ ಖಾತೆಗೆ ಹೆಚ್ಚುವರಿ ಹಣ ಹೋಗುತ್ತದೆ. ಯಂತ್ರವನ್ನೇ ನಂಬಿ ಕೂರುವಂತೆಯೂ ಇಲ್ಲ. 2016ರಲ್ಲಿ ಮಲಾವಿ ಬರದಿಂದ ಬೇಯುತ್ತಿದ್ದಾಗ ಅದು ಕಂತು ಕಟ್ಟಿದ್ದ ಆಫ್ರಿಕನ್ ವಿಮೆಯ ಕಂಪ್ಯೂಟರ್ ಮಾದರಿ ಬರವೇ ಇಲ್ಲ ಎಂದಿತು. ರೈತರು ಬಿತ್ತಿದ್ದು ಬೇಗ ಮಾಗುವ ಮೆಕ್ಕೆಜೋಳ, ಮಾದರಿಯಲ್ಲಿ ಹಾಕಿದ್ದು ದೀರ್ಘಾವಧಿಯ ತಳಿ. ಹೊಲಕ್ಕೆ ಹೋಗಿ ಕೇಳಿ ಸರಿಪಡಿಸಿ ಸುಮಾರು 80 ಲಕ್ಷ ಡಾಲರ್ ಕೊಡುವಾಗ ತಿಂಗಳುಗಳೇ ಸರಿದಿದ್ದವು. ಇದರಿಂದ ಮುಂಚಿತ ಕ್ರಮವೇ ತಪ್ಪು ಎಂದು ವಾದಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಲೆಕ್ಕ ಹಾಕುವ ಮೇಜಿನ ಬಳಿ ಮಲಾವಿಯ ರೈತನಿಗೂ ಒಂದು ಕುರ್ಚಿ ಬೇಕಿತ್ತು.

ಇಷ್ಟೆಲ್ಲ ತಿಳಿದ ಮೇಲೂ ಮಾನವೀಯ ನೆರವಿನ ಹಣದಲ್ಲಿ ಹೀಗೆ ಮೊದಲೇ ಹೊರಡುವ ಪಾಲು ಶೇ 1ಕ್ಕೂ ಕಡಿಮೆ. ಕಡಿತದ ಏಟು ಮೊದಲು ಬಿದ್ದದ್ದೂ ಮುನ್ನೋಟದ ಮೇಲೆಯೇ. 1984ರ ಇಥಿಯೋಪಿಯಾ ಕ್ಷಾಮದ ನಂತರ, 1985ರಲ್ಲಿ, ಮುಂದೆ ಹೀಗಾಗದಿರಲೆಂದು ಅಮೆರಿಕ ಕಟ್ಟಿದ ಎಚ್ಚರಿಕೆ ಜಾಲ ಫ್ಯೂಸ್‌ನೆಟ್. 2010ರಲ್ಲಿ ಸೊಮಾಲಿಯಾದ ಬಗ್ಗೆ ಕೂಗಿ ಹೇಳಿದವರಲ್ಲಿ ಅದೂ ಒಂದು. 2025ರ ಜನವರಿಯಲ್ಲಿ ಅದರ ಬಾಗಿಲು ಮುಚ್ಚಿತು. ತಿಂಗಳುಗಟ್ಟಲೆ ನಕ್ಷೆಗಳಿರಲಿಲ್ಲ, ವರದಿಗಳಿರಲಿಲ್ಲ. ಅದೇ ಹೊತ್ತಿಗೆ ದುಬೈ ಗೋದಾಮಿನಲ್ಲಿ ಹಸಿದ ಮಕ್ಕಳಿಗೆಂದು ಕೊಂಡಿಟ್ಟಿದ್ದ ಸುಮಾರು 500 ಟನ್ ಪೌಷ್ಟಿಕ ಬಿಸ್ಕತ್ತು ಹೊರಡಿಸುವ ಆದೇಶವಿಲ್ಲದೆ ಬಿದ್ದಿತ್ತು. ಜುಲೈಗೆ ಅವಧಿ ಮುಗಿಯಿತು, ಸುಡಲು ತೀರ್ಮಾನವಾಯಿತು. 15 ಲಕ್ಷ ಮಕ್ಕಳಿಗೆ ಒಂದು ವಾರದ ಆಹಾರ! ಹಣ ಕೊಟ್ಟಾಗಿತ್ತು, ಬಿಸ್ಕತ್ತು ಬೆಂದಾಗಿತ್ತು, ಹಡಗು ದೂರವಿರಲಿಲ್ಲ. ಇದನ್ನು ಬರೆಯುವಾಗ ಸಿಟ್ಟು ತಡೆಯುವುದು ಕಷ್ಟ.

ಮುಂದಿನ ತಿಂಗಳುಗಳಲ್ಲಿ ದಾನಿಗಳ ಸಮಾವೇಶಗಳ ಸುದ್ದಿ ಬರುತ್ತಲೇ ಇರುತ್ತದೆ, ಇಷ್ಟು ನೂರು ಕೋಟಿ ಘೋಷಣೆ ಎಂಬ ದಪ್ಪ ಅಕ್ಷರದೊಂದಿಗೆ. ಅದರಲ್ಲಿ ಹೊಸ ಹಣ ಎಷ್ಟು, ಹಿಂದೆ ಹೇಳಿದ್ದನ್ನೇ ಮತ್ತೆ ಹೇಳಿದ್ದು ಎಷ್ಟು, ಕೈಸೇರುವುದು ಯಾವಾಗ ಎಂದು ವರದಿಗಾರರು ಕೇಳಬೇಕು. ತುರ್ತು ನಿಧಿಗೆ ವರ್ಷಕ್ಕೆ 100 ಕೋಟಿ ಡಾಲರ್ ತುಂಬಬೇಕೆಂದು ಮಹಾಸಭೆಯೇ 2016ರಲ್ಲಿ ಒಪ್ಪಿದೆ. ಆ ಗುರಿ ಇನ್ನೂ ದೂರದಲ್ಲೇ ಇದೆ. ಹಣ ಕಡಿಮೆಯಾದ ಕಾಲದಲ್ಲಿ ಮೊದಲು ತುಂಬಬೇಕಾದ ಪೆಟ್ಟಿಗೆ ಅದು. ಜಿನೀವಾದ ಮುಂದಿನ ಡಿಸೆಂಬರ್ ಪಟ್ಟಿಯಲ್ಲಿ ಪ್ರತಿ ದೇಶದ ಹೆಸರಿನ ಎದುರು ಬೇಕಾದ ಮೊತ್ತದ ಜೊತೆಗೆ ಇನ್ನೊಂದು ಕಾಲಂ ಇರಲಿ. ನೈಜರ್‌ಗೆ ಮೇ ಒಳಗೆ, ಬದಖ್ಶಾನ್‌ಗೆ ಅಕ್ಟೋಬರ್ ಒಳಗೆ, ಸೊಮಾಲಿಯಾಕ್ಕೆ ಗು ಕೈಕೊಟ್ಟ ಮರುವಾರವೇ ಎಂದು ಅದರಲ್ಲಿ ಬರೆಯಲಿ. ವರ್ಷದ ಕೊನೆಗೆ ಎಷ್ಟು ಹಣ ಬಂತು ಎಂದು ಕೂಡಿಸುವವರು, ಆ ತಾರೀಖಿನೊಳಗೆ ಬಂದದ್ದನ್ನು ಮಾತ್ರ ಕೂಡಿಸಲಿ.