ಕೊಟ್ಟಿಗೆಯಲ್ಲೇ ಸೋರಿಹೋಗುವ ಗೊಬ್ಬರ

ಹಳ್ಳಿಯ ಮನೆಯಲ್ಲಿ ದಿನದ ಮೊದಲ ಕೆಲಸ ಕೊಟ್ಟಿಗೆಯದು. ದನಗಳನ್ನು ಹೊರಗೆ ಕಟ್ಟಿ, ಸಗಣಿ ಬಾಚಿ, ಮಂಕರಿಗೆ ತುಂಬಿ ತಿಪ್ಪೆಗೆ ಸುರಿದು, ಕಸ ಗುಡಿಸಿದ ಮೇಲೆಯೇ ಹಾಲು ಕರೆಯುವುದು. ಇದನ್ನು ಬಹುಪಾಲು ಮಾಡುವವರು ಮನೆಯ ಹೆಣ್ಣುಮಕ್ಕಳು. ಆದ್ದರಿಂದ ಯಜಮಾನರು ಈ ಲೇಖನವನ್ನು ತಾವು ಓದಿ ಮಡಿಚಿಡದೆ ಅವರಿಗೂ ಓದಲು ಕೊಡಬೇಕೆಂದು ಕೋರಿಕೆ.

ಸಗಣಿ ಬಾಚುವಾಗ ಒಂದು ಹಿಡಿಯನ್ನೂ ಬಿಡದ ನಾವು ಗಂಜಲವನ್ನು ಮಾತ್ರ ನೆಲ ಕುಡಿಯಲು ಬಿಟ್ಟುಬಿಡುತ್ತೇವೆ. ದನದಿಂದ ಹೊರಬೀಳುವ ಸಾರಜನಕದಲ್ಲಿ ಸುಮಾರು ಅರ್ಧದಷ್ಟು ಗಂಜಲದಲ್ಲೇ ಇರುತ್ತದೆ. ಪೊಟ್ಯಾಷಿನ ಹೆಚ್ಚಿನ ಪಾಲೂ ಅದರಲ್ಲೇ. ರಂಜಕವೊಂದು ಸಗಣಿಯಲ್ಲಿ ಉಳಿಯುತ್ತದೆ. ಹಸಿ ಸಗಣಿಯಲ್ಲಿ ಶೇಕಡ 0.3 ರಿಂದ 0.4 ರಷ್ಟು ಸಾರಜನಕವಿದ್ದರೆ ಗಂಜಲದಲ್ಲಿ ಸುಮಾರು ಶೇಕಡ 1 ರಷ್ಟಿದೆ.

ಲೆಕ್ಕ ಹಾಕಿ ನೋಡೋಣ. ಒಂದು ದನ ದಿನಕ್ಕೆ 6 ಲೀಟರ್ ಗಂಜಲ ಹಾಕುತ್ತದೆಂದು ಹಿಡಿದರೆ ಅದರಲ್ಲಿ 60 ಗ್ರಾಂ, ವರ್ಷಕ್ಕೆ ಸುಮಾರು 22 ಕಿಲೋ ಸಾರಜನಕ. ಹಗಲು ಮೇಯಲು ಹೋದಾಗ ಅರ್ಧ ಹೊರಗೇ ಬಿತ್ತೆನ್ನಿ. ಆದರೂ ಎರಡು ದನಗಳಿರುವ ಮನೆಯಲ್ಲಿ ಕೊಟ್ಟಿಗೆಯೊಳಗೆ ಬೀಳುವುದು 22 ಕಿಲೋ. 45 ಕಿಲೋ ಯೂರಿಯ ಚೀಲದಲ್ಲಿರುವುದು 21 ಕಿಲೋಗೂ ಸ್ವಲ್ಪ ಕಡಿಮೆ. ಸಂಗ್ರಹಿಸಿದ್ದೆಲ್ಲ ಪೈರಿಗೆ ಮುಟ್ಟುವುದಿಲ್ಲ, ನಿಜ. ಅರ್ಧ ಮುಟ್ಟಿದರೂ ಅರ್ಧ ಚೀಲ ಉಳಿಯಿತು.

ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಮೂಗಿಗೆ ಬಡಿದು ಕಣ್ಣು ಉರಿಸುವ ಘಾಟು ಎಲ್ಲರಿಗೂ ಗೊತ್ತು. ಗಂಜಲದಲ್ಲಿರುವ ಸಾರಜನಕದ ಬಹುಭಾಗ ಯೂರಿಯದ ರೂಪದಲ್ಲೇ ಇದ್ದು, ಸಗಣಿ ಮತ್ತು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಬೇಗನೆ ಅಮೋನಿಯವಾಗಿ ಮಾರ್ಪಡಿಸುತ್ತವೆ. ಅಮೋನಿಯ ಅನಿಲ, ಗಾಳಿಗೆ ಹಾರಿಹೋಗುತ್ತದೆ. ಆ ಘಾಟೆಂದರೆ ನಿಮ್ಮ ಗೊಬ್ಬರ ಮನೆ ಬಿಟ್ಟು ಹೋಗುತ್ತಿರುವ ವಾಸನೆ. ಎಳೆಗರುವಿನ ಶ್ವಾಸಕ್ಕೂ ಅದು ಒಳ್ಳೆಯದಲ್ಲ.

ಇದನ್ನು ತಡೆಯಲು ದೊಡ್ಡ ಖರ್ಚೇನೂ ಬೇಡ. ಕಲ್ಲು ಚಪ್ಪಡಿಯ ನೆಲವಿದ್ದರೆ ಗೋದಲಿಯಿಂದ ಹಿಂದಕ್ಕೆ ಐದು ಅಡಿಗೆ ಒಂದು ಅಂಗುಲ ಇಳಿಜಾರು ಕೊಟ್ಟು, ಸಣ್ಣ ಕಾಲುವೆ ಮಾಡಿ, ಕೊನೆಯಲ್ಲೊಂದು ಮಡಕೆ ಹೂಳಬಹುದು. ಮಣ್ಣಿನ ನೆಲವಾದರೆ, ನನ್ನ ಅಭಿಪ್ರಾಯದಲ್ಲಿ ಹಾಸುಗಸವೇ ಮೇಲು. ದನ ತಿಂದು ಬಿಟ್ಟ ರಾಗಿ ಹುಲ್ಲು, ಜೋಳದ ದಂಟಿನ ಚೂರು, ಒಣ ತರಗು, ಯಾವುದಾದರೂ ಆದೀತು. ಒಣ ಹುಲ್ಲು ತನ್ನ ತೂಕದ ಎರಡು ಮೂರರಷ್ಟು ದ್ರವ ಹೀರಬಲ್ಲದು. ಹೀಗಾಗಿ ಸಂಜೆ ದನವೊಂದಕ್ಕೆ ಎರಡು ಕಿಲೋದಷ್ಟು ಹರಡಿದರೆ ರಾತ್ರಿಯ ಗಂಜಲ ಅದರಲ್ಲೇ ನಿಲ್ಲುತ್ತದೆ. ಮಲೆನಾಡಿನ ಅಡಿಕೆ ಬೆಳೆಗಾರರು ಕೊಟ್ಟಿಗೆಗೆ ಸೊಪ್ಪು ಹಾಸುವುದು ಇದೇ ಲಾಭಕ್ಕೆ. ಬಯಲುಸೀಮೆಯಲ್ಲಿ ಹುಲ್ಲೇ ದುಬಾರಿಯೆನ್ನುವವರು ಒಣ ಮಣ್ಣನ್ನು ನಾಲ್ಕು ಬೆರಳು ದಪ್ಪ ಹರಡಿ, ನೆಂದಂತೆಲ್ಲ ತೆಗೆದು ಗುಂಡಿಗೆ ಹಾಕಲಿ.

ಒಲೆಯ ಬೂದಿಯನ್ನು ಇದಕ್ಕೆ ಬೆರೆಸಬಾರದು. ಬೂದಿ ಕ್ಷಾರ; ಗಂಜಲದೊಡನೆ ಸೇರಿದರೆ ಅಮೋನಿಯವನ್ನು ಇನ್ನಷ್ಟು ಬೇಗ ಹೊರದೂಡುತ್ತದೆ. ಬೂದಿಯನ್ನು ಬೇರೆ ಇಟ್ಟು ತೆಂಗಿನ ಬುಡಕ್ಕೋ ಹಿತ್ತಲಿನ ತರಕಾರಿಗೋ ಹಾಕಿರಿ. ಸೂಪರ್ ಫಾಸ್ಫೇಟ್ ಇದಕ್ಕೆ ವಿರುದ್ಧ, ಅಮೋನಿಯವನ್ನು ಹಿಡಿದಿಡುತ್ತದೆ. ಹೇಗೂ ಹೊಲಕ್ಕೆ ಅದನ್ನು ಕೊಳ್ಳುವವರು ಅದರಲ್ಲೇ ಒಂದು ಪಾಲನ್ನು ಗುಂಡಿಯ ಪದರಗಳಿಗೆ ಎರಡೆರಡು ಹಿಡಿ ಎರಚಬಹುದು.

ಇನ್ನು ತಿಪ್ಪೆ. ದಾರಿಬದಿಯಲ್ಲಿ ಬಿಸಿಲಿಗೆ ಒಣಗಿ, ಮಳೆಗೆ ತೊಳೆದು, ಕೋಳಿ ಕೆದರಿದ ರಾಶಿಯಲ್ಲಿ ಸತ್ವ ನಿಲ್ಲುವುದಿಲ್ಲ. ಎರಡು ದನಗಳ ಮನೆಗೆ 12 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಎರಡು ಗುಂಡಿಗಳು ಸಾಕು. ಗುಂಡಿಯನ್ನು ಉದ್ದಕ್ಕೂ ಒಟ್ಟಿಗೆ ತುಂಬಬಾರದು. ಒಂದು ತುದಿಯಿಂದ ಮೂರು ಅಡಿಯಷ್ಟು ಭಾಗವನ್ನೇ ತುಂಬುತ್ತ ಬಂದು, ನೆಲಮಟ್ಟದಿಂದ ಒಂದೂವರೆ ಅಡಿ ಮೇಲೆದ್ದಾಗ ಗುಮ್ಮಟದಂತೆ ಮಾಡಿ, ಸಗಣಿ ಮಣ್ಣಿನ ಬಗ್ಗಡದಿಂದ ಮೆತ್ತಿ, ಮುಂದಿನ ಭಾಗಕ್ಕೆ ಸರಿಯಬೇಕು. ನಾಲ್ಕೈದು ತಿಂಗಳಲ್ಲಿ ಗೊಬ್ಬರ ಕಳಿಯುತ್ತದೆ. ಮಳೆನೀರು ನುಗ್ಗದಂತೆ ಸುತ್ತ ಒಂದು ಬದು ಇರಲಿ.

ಇಷ್ಟು ಕಷ್ಟ ಏಕೆ, ಅಂಗಡಿಯ ಚೀಲ ಸಾಲದೆ ಎನ್ನುವವರಿದ್ದಾರೆ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1978ರಲ್ಲಿ ಆರಂಭವಾದ ಖುಷ್ಕಿ ರಾಗಿಯ ದೀರ್ಘಕಾಲದ ಪ್ರಯೋಗದಲ್ಲಿ, ಬರೀ ರಾಸಾಯನಿಕ ಗೊಬ್ಬರ ಹಾಕಿದ ತಾಕುಗಳ ಇಳುವರಿ ವರ್ಷ ಕಳೆದಂತೆ ಕುಗ್ಗಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವನ್ನೂ ಕೊಟ್ಟ ತಾಕುಗಳು ಇಳುವರಿ ಉಳಿಸಿಕೊಂಡವು. ಎಕರೆಗೆ ಅದು 4 ಟನ್ ಆಯಿತು. ಎರಡು ದನಗಳಿಂದ ವರ್ಷಕ್ಕೆ ಅಷ್ಟು ಗೊಬ್ಬರ ಬಂದರೇ ಹೆಚ್ಚು. ಎರಡೆಕರೆ ಇರುವವರು ಒಂದೊಂದು ವರ್ಷ ಒಂದೊಂದು ಎಕರೆಗೆ ಹಾಕುವುದು ಲೇಸು. ಎರಡಕ್ಕೂ ತೆಳ್ಳಗೆ ಚೆಲ್ಲುವುದರಿಂದ ಎಲ್ಲಿಯೂ ಗುಣ ಕಾಣುವುದಿಲ್ಲ.

ಯುಗಾದಿ ಕಳೆಯುತ್ತಲೇ ಗಾಡಿಯಲ್ಲಿ ಗೊಬ್ಬರ ಹೊಡೆದು, ಹೊಲದಲ್ಲಿ ಸಣ್ಣ ಸಣ್ಣ ಗುಡ್ಡೆ ಮಾಡಿ ವಾರಗಟ್ಟಲೆ ಬಿಸಿಲಿಗೆ ಬಿಡುವ ರೂಢಿ ಹಲವೆಡೆ ಇದೆ. ಗುಂಡಿಯಲ್ಲಿ ಕಾಪಾಡಿದ್ದು ಅಲ್ಲಿ ಹಾರಿಹೋಗುತ್ತದೆ. ಉಳುಮೆಗೆ ಹದ ಬಂದಾಗ ಹೊಡೆದು, ಹರಡಿ, ಅಂದೇ ಉತ್ತು ಮಣ್ಣಿಗೆ ಸೇರಿಸಬೇಕು. ಸಂಜೆಯೊಳಗೆ ಉತ್ತು ಮುಗಿಸಬಲ್ಲಷ್ಟು ಗಾಡಿಗಳನ್ನು ಮಾತ್ರ ಆ ದಿನ ಹೊಡೆಯಿರಿ.